ಅತ್ತೆಯ ಜೋಡಿ ಕಾಲುದೀಪ: ದೇವರ ಮುಂದೋ, ಹಾಲ್‌ನಲ್ಲೋ?

ಪ್ರಶ್ನೆ: ಅತ್ತೆ ತೀರಿಕೊಂಡ ಮೇಲೆ ಅವರ ಜೋಡಿ ಹಿತ್ತಾಳೆ ಕಾಲುದೀಪ ನಮ್ಮ ಮನೆಗೆ ಬಂದಿವೆ. ಒಂದೂವರೆ ಅಡಿ ಎತ್ತರ. ತುದಿಯಲ್ಲಿ ಹಂಸ, ಬಟ್ಟಲಿಗೆ ಐದು ಮೂತಿ. ಒಂದು ಹಂಸದ ಕೊಕ್ಕು ಮುರಿದಿದೆ. ಭಿನ್ನವಾದ ದೀಪ ಮನೆಯಲ್ಲಿ ಇಟ್ಟರೆ ಕೇಡು ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಮ್ಮದು ಫ್ಲಾಟು. ದೇವರಮನೆ ಅಂದರೆ ಗೋಡೆಗೆ ಹೊಡೆಸಿದ ಒಂದು ಕಪಾಟು, ಅದರೊಳಗೆ ಈ ದೀಪ ಹಿಡಿಸುವುದಿಲ್ಲ. ಹಾಲ್‌ನಲ್ಲಿ ಶೋಗೆ ಇಡಬಹುದಾ? ಹಂಸಕ್ಕೂ ಐದು ಬತ್ತಿಗೂ ಏನರ್ಥ? ಪೂರ್ತಿ ಕಪ್ಪಾಗಿವೆ, ಹೇಗೆ ತೊಳೆಯಬೇಕು?

ಉತ್ತರ:

ಮೊದಲು ಆ ಕೊಕ್ಕಿನ ಚಿಂತೆ ಬಿಟ್ಟುಬಿಡಿ. ‘ಭಿನ್ನ’ ಅನ್ನುವ ಮಾತು ಇರುವುದು ಪೂಜೆಗೆ ಕೂರಿಸಿದ ವಿಗ್ರಹಕ್ಕೆ. ಪ್ರತಿಷ್ಠೆಯಾದ ಮೂರ್ತಿಯ ಕೈಯೋ ಮೂಗೋ ಮುರಿದರೆ ಅದನ್ನು ನೀರಿಗೆ ಬಿಟ್ಟು ಹೊಸದು ಮಾಡಿಸುವ ಪದ್ಧತಿ ಇದೆ. ದೀಪದ ತುದಿಯ ಹಂಸಕ್ಕೆ ಯಾರೂ ಪ್ರತಿಷ್ಠೆ ಮಾಡಿರುವುದಿಲ್ಲ. ಅದು ಎರಕದವರು ದೀಪಕ್ಕೆ ತೊಡಿಸಿದ ಒಡವೆ. ಸಾಮಾನ್ಯವಾಗಿ ತಿರುಪಿನ ಮೇಲೆ ಕೂತಿರುತ್ತದೆ, ತಿರುಗಿಸಿದರೆ ಕೈಗೆ ಬರುತ್ತದೆ. ಅಷ್ಟು ಕಣ್ಣಿಗೆ ಚುಚ್ಚುತ್ತಿದ್ದರೆ ಅದೊಂದನ್ನೇ ಹಿತ್ತಾಳೆ ಅಂಗಡಿಗೆ ಒಯ್ದು, ಅದೇ ಅಳತೆಯ ಬೇರೆ ಹಂಸ ಹಾಕಿಸಬಹುದು. ನಾನಾದರೆ ಹಾಕಿಸುವುದಿಲ್ಲ. ಆ ಕೊಕ್ಕು ಯಾವ ಮಗು ಬೀಳಿಸಿದಾಗ ಮುರಿಯಿತೋ, ಆವತ್ತು ಅತ್ತೆ ಯಾರಿಗೆ ಬೈದರೋ. ಮನೆಯ ಹಿರಿಯರನ್ನು ಕೇಳಿ, ಯಾರಿಗಾದರೂ ನೆನಪಿರುತ್ತದೆ.

ದೀಪಕ್ಕೆ ನಿಜವಾದ ಊನ ಅಂದರೆ ಬಟ್ಟಲು ಸೋರುವುದು. ಪರೀಕ್ಷೆ ಸುಲಭ. ರಾತ್ರಿ ಬಟ್ಟಲಿಗೆ ನೀರು ತುಂಬಿ, ದೀಪವನ್ನು ಹಳೆ ಪೇಪರ್ ಮೇಲೆ ಇಟ್ಟು ಮಲಗಿ. ಬೆಳಗ್ಗೆ ಪೇಪರ್ ಒದ್ದೆಯಾಗಿದ್ದರೆ ಎಲ್ಲೋ ಸಂದಿ ಇದೆ. ಹೆಚ್ಚಿನ ಸಲ ಅದು ಬಟ್ಟಲೂ ಕಂಬವೂ ಸೇರುವ ತಿರುಪಿನ ಜಾಗದಲ್ಲೇ ಇರುತ್ತದೆ. ಹತ್ತಿಯ ದಾರ ಎರಡು ಸುತ್ತು ಸುತ್ತಿ ಬಿಗಿ ಮಾಡಿದರೆ ನಿಂತುಹೋಗುತ್ತದೆ. ಬಟ್ಟಲೇ ಬಿರುಕು ಬಿಟ್ಟಿದ್ದರೆ ಬೆಸುಗೆ ಹಾಕಿಸಬೇಕು. ಸೀಸದ ಬೆಸುಗೆ ಬೇಡ, ಬತ್ತಿಯ ಮೂತಿಯ ಹತ್ತಿರ ಅದು ಬಿಸಿಗೆ ನಿಲ್ಲುವುದಿಲ್ಲ. ಹಿತ್ತಾಳೆ ಬೆಸುಗೆಯೇ ಆಗಬೇಕು.

ಇನ್ನು ಹಾಲ್ ವಿಷಯ. ಧಾರಾಳವಾಗಿ ಇಡಿ. ನನ್ನದು ಒಂದೇ ಷರತ್ತು: ಅವಾಗವಾಗ ಹಚ್ಚಿ. ದಿನಾ ಆಗದಿದ್ದರೆ ವಾರಕ್ಕೊಂದು ಸಲ, ಅದೂ ಆಗದಿದ್ದರೆ ಹಬ್ಬಕ್ಕೆ. ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನಮ್ಮ ಪೂಜೆಯಲ್ಲಿ ದೀಪದ ಸ್ಥಾನ ಸ್ವಲ್ಪ ವಿಚಿತ್ರ. ಅದು ಪೂಜೆಯ ಸಾಮಾನೂ ಹೌದು, ಪೂಜೆ ಮಾಡಿಸಿಕೊಳ್ಳುವ ದೇವರೂ ಹೌದು. ಉದ್ಧರಣೆ, ಪಂಚಪಾತ್ರೆ, ತಟ್ಟೆಗಳನ್ನು ಬಳಸಿ ತೊಳೆದಿಟ್ಟರೆ ಮುಗಿಯಿತು. ದೀಪಕ್ಕೆ ಹಾಗಲ್ಲ. ಹಚ್ಚುವ ಮೊದಲೇ ಅರಿಸಿನ ಕುಂಕುಮ ಇಡುತ್ತೇವೆ, ಹಚ್ಚಿದ ಮೇಲೆ ಕೈ ಮುಗಿಯುತ್ತೇವೆ. ಸಂಜೆಯ ಶ್ಲೋಕ ಶುರುವಾಗುವುದೇ ‘ದೀಪಜ್ಯೋತಿ ಪರಬ್ರಹ್ಮ’ ಅಂತ, ಮುಗಿಯುವುದು ‘ಸಂಧ್ಯಾದೀಪ ನಮೋಸ್ತುತೇ’ ಅಂತ. ನಮಸ್ಕಾರ ನೇರ ದೀಪಕ್ಕೇ ಸಲ್ಲುತ್ತದೆ.

ಇದು ಚೆನ್ನಾಗಿ ಕಾಣುವುದು ನಮ್ಮ ಭೀಮನ ಅಮಾವಾಸ್ಯೆಯಲ್ಲಿ. ಆಷಾಢದ ಕೊನೆಯ ದಿನ, ಜ್ಯೋತಿರ್ಭೀಮೇಶ್ವರ ವ್ರತ. ಮೈಸೂರು ಕಡೆ ಇದನ್ನು ಮಾಡದ ಬೀದಿ ಇರಲಿಕ್ಕಿಲ್ಲ. ಆವತ್ತು ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ಜೋಡಿ ಕಾಲುದೀಪ ನಿಲ್ಲಿಸುತ್ತಾರೆ. ಆ ಜೋಡಿಯೇ ಶಿವ, ಪಾರ್ವತಿ. ಬೇರೆ ವಿಗ್ರಹ ಬೇಕಾಗಿಲ್ಲ. ಒಂಬತ್ತು ಗಂಟಿನ ದಾರಕ್ಕೆ ಪೂಜೆ ಮಾಡಿ ಕೈಗೆ ಕಟ್ಟಿಕೊಳ್ಳುತ್ತಾರೆ. ಆಮೇಲೆ ಹೊಸ್ತಿಲ ಮೇಲೆ ಕಾಸು ಅಡಗಿಸಿಟ್ಟ ಕಡುಬನ್ನು ಅಣ್ಣತಮ್ಮಂದಿರು ಮೊಣಕೈಯಲ್ಲಿ ಗುದ್ದಿ ಭಂಡಾರ ಒಡೆಯುವುದು, ಮಕ್ಕಳ ಗಲಾಟೆ. ಮಹಾರಾಷ್ಟ್ರದಲ್ಲೂ ಇದೇ ದಿನ ಮನೆಯ ದೀಪಗಳನ್ನೆಲ್ಲ ಹೊರಗೆ ತೆಗೆದು, ತಿಕ್ಕಿ ತೊಳೆದು, ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ಶ್ರಾವಣದ ಹಬ್ಬಗಳಿಗೆ ಮುಂಚೆ ದೀಪಗಳ ಸರ್ವಿಸಿಂಗ್ ಅಂತ ಬೇಕಾದರೂ ಅನ್ನಿ.

ವ್ರತದ ಕತೆ ನಿಮಗೆ ಗೊತ್ತಿರಬಹುದು. ಬಡವರ ಮನೆಯ ಹುಡುಗಿಯನ್ನು ಸತ್ತುಹೋದ ರಾಜಕುಮಾರನಿಗೆ ಮದುವೆ ಮಾಡಿ, ಹೆಣದ ಜೊತೆ ನದಿ ದಡದಲ್ಲಿ ಬಿಟ್ಟುಹೋಗುತ್ತಾರೆ. ಆವತ್ತು ಭೀಮನ ಅಮಾವಾಸ್ಯೆ. ಅವಳಿಗೆ ತವರಿನ ಪೂಜೆ ನೆನಪಾಗುತ್ತದೆ. ಹತ್ತಿರ ಏನೂ ಇಲ್ಲ. ದಡದ ಮಣ್ಣು ಕಲಸಿ ಅದರಲ್ಲೇ ದೀಪ ಮಾಡಿ ಪೂಜೆ ಮಾಡುತ್ತಾಳೆ. ಗಂಡ ಎದ್ದು ಕೂರುತ್ತಾನೆ. ಆ ದೀಪಕ್ಕೆ ಹಂಸವೂ ಇರಲಿಲ್ಲ, ಕೊಕ್ಕೂ ಇರಲಿಲ್ಲ. ವಾಟ್ಸಾಪ್ ಕಳಿಸಿದವರಿಗೆ ಬೇಕಾದರೆ ಈ ಕತೆ ವಾಪಸ್ ಕಳಿಸಿ.

ಇನ್ನೊಂದು ಮಾತು, ಜೋಡಿ ಬಿಡಿಸಬೇಡಿ. ಒಂದು ದೇವರ ಕಪಾಟಿನ ಹತ್ತಿರ, ಇನ್ನೊಂದು ಟಿವಿ ಪಕ್ಕ ಅಂತ ಮಾಡುವವರನ್ನು ನೋಡಿದ್ದೇನೆ. ಶಾಸ್ತ್ರದ ಅಡ್ಡಿ ಅಂತ ಹೇಳುತ್ತಿಲ್ಲ. ಭೀಮನ ಅಮಾವಾಸ್ಯೆಗೆ ಎರಡೂ ಒಟ್ಟಿಗೆ ಬೇಕಾಗುತ್ತವೆ, ಅಷ್ಟು ಹೊತ್ತಿಗೆ ಒಂದು ಫಳಫಳ, ಇನ್ನೊಂದು ಕಪ್ಪು.

ಹಚ್ಚಿ ಅಂತ ನಾನು ಹಟ ಹಿಡಿಯುವುದಕ್ಕೆ ಇನ್ನೂ ಒಂದು ಕಾರಣ ಇದೆ. ನಂದಾದೀಪ ಅನ್ನುವ ಪದ ನೋಡಿ. ತುಂಬಾ ಜನ ಇದನ್ನು ಸಂಸ್ಕೃತದ ಆನಂದ, ನಂದ ಅಂತ ತಿಳಿದಿದ್ದಾರೆ. ಇದು ಅಪ್ಪಟ ಕನ್ನಡ. ನಂದು ಅಂದರೆ ಆರಿಹೋಗು. ಬೆಂಕಿ ನಂದಿಸು ಅಂತ ಈಗಲೂ ಹೇಳುತ್ತೇವಲ್ಲ, ಅದೇ. ನಂದಾ ದೀಪ ಅಂದರೆ ಆರದ ದೀಪ. ಹಳೆಯ ಶಾಸನಗಳಲ್ಲಿ ‘ನಂದಾದೀವಿಗೆ’ ಅಂತ ಬರುತ್ತದೆ. ಅಲ್ಲಿ ಜನ ದೇವರಿಗೆ ದಾನ ಕೊಡುವಾಗ ಹೆಚ್ಚಾಗಿ ಕೊಡುತ್ತಿದ್ದುದು ದೀಪದ ಕಂಬವನ್ನಲ್ಲ, ಎಣ್ಣೆಗೆ ದಾರಿಯನ್ನು. ಇಂಥ ಹೊಲದ ಆದಾಯ, ಇಂಥ ಗಾಣದ ಎಣ್ಣೆ ನಂದಾದೀವಿಗೆಗೆ ಅಂತ ಬರೆಸುತ್ತಿದ್ದರು.

ಇದರ ಲೆಕ್ಕ ತೀರಾ ಚೆನ್ನಾಗಿ ಕಾಣುವುದು ಚೋಳರ ಶಾಸನಗಳಲ್ಲಿ. ತಂಜಾವೂರಿನ ದೊಡ್ಡ ದೇವಸ್ಥಾನದಲ್ಲಿ ಒಂದು ನಂದಾದೀಪಕ್ಕೆ 96 ಕುರಿ. ಕುರುಬನಿಗೆ ಕುರಿ ಒಪ್ಪಿಸುತ್ತಾರೆ, ಅವನು ದಿನಾ ಒಂದು ಉಳಕ್ಕು ತುಪ್ಪ ಅಳೆದು ಕೊಡಬೇಕು. ಉಳಕ್ಕು ಅಂದರೆ ಆಗಿನ ಒಂದು ಸಣ್ಣ ಅಳತೆ. ಆ ಕುರಿಗಳಿಗೆ ತಮಿಳಿನಲ್ಲಿ ‘ಸಾವಾ ಮೂವಾ’ ಅಂತ ವಿಶೇಷಣ. ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಸಾಯದ, ಮುಪ್ಪಾಗದ ಕುರಿ. ಕುರಿ ಹೇಗೆ ಸಾಯದೆ ಇರುತ್ತದೆ? ಮುದಿಯಾದ ಕುರಿಯ ಜಾಗಕ್ಕೆ ಮರಿ ಬರುತ್ತದೆ, ಲೆಕ್ಕ ಮಾತ್ರ ಯಾವತ್ತೂ 96. ದೀಪ ಆರಬಾರದು ಅಂದರೆ ಕುರಿಯೂ ಸಾಯಬಾರದು! ನಮ್ಮ ಹಾಸನಾಂಬೆಯ ಗುಡಿಯನ್ನು ವರ್ಷಕ್ಕೊಮ್ಮೆ ತೆಗೆದಾಗ, ಹಿಂದಿನ ವರ್ಷ ಹಚ್ಚಿಟ್ಟ ದೀಪ ಇನ್ನೂ ಉರಿಯುತ್ತಿರುತ್ತದೆ ಅನ್ನುವ ನಂಬಿಕೆ ಇದೆಯಲ್ಲ, ಅದರ ಹಿಂದೆಯೂ ಈ ಆರದ ದೀಪದ ಆಸೆಯೇ ಇದೆ.

ಹಾಗಾದರೆ ಹಿತ್ತಾಳೆಗೆ, ಹಂಸಕ್ಕೆ ಬೆಲೆ ಇಲ್ಲವಾ? ಇದೆ. ಆದರೆ ಅದನ್ನು ಓದುವ ಕ್ರಮ ಬೇರೆ.

ದೀಪದ ಆಕಾರವನ್ನು ನಿರ್ಧರಿಸಿದ್ದು ಮೊದಲು ಎಣ್ಣೆ. ಎಳ್ಳೆಣ್ಣೆ, ತುಪ್ಪ, ಹರಳೆಣ್ಣೆ ಎಲ್ಲ ಮಂದ. ಬತ್ತಿಯಲ್ಲಿ ಎತ್ತರಕ್ಕೆ ಏರುವುದಿಲ್ಲ. ಸೀಮೆಎಣ್ಣೆ ತೆಳು, ಅದಕ್ಕೇ ಲಾಟೀನಿನಲ್ಲಿ ಎಣ್ಣೆ ಕೆಳಗೆ, ಉರಿ ಅಷ್ಟು ಮೇಲೆ ಇರಬಹುದು. ನಮ್ಮ ಎಣ್ಣೆಗೆ ಉರಿ ಪಕ್ಕದಲ್ಲೇ ಬೇಕು. ಅದಕ್ಕೇ ಬಟ್ಟಲು ಅಗಲ, ಆಳ ಕಡಿಮೆ. ಉರಿಯ ಬಿಸಿ ಹಿತ್ತಾಳೆಯ ಮೂಲಕ ಬಟ್ಟಲಿಗೆ ಹರಿದು ಎಣ್ಣೆಯನ್ನು ಇನ್ನಷ್ಟು ತೆಳು ಮಾಡುತ್ತದೆ. ಡಿಸೆಂಬರ್ ಚಳಿಯಲ್ಲಿ ತುಪ್ಪವೋ ಕೊಬ್ಬರಿ ಎಣ್ಣೆಯೋ ಗಟ್ಟಿಯಾಗಿದ್ದರೂ, ಹಚ್ಚಿ ಸ್ವಲ್ಪ ಹೊತ್ತಿಗೆ ಮೂತಿಯ ಸುತ್ತ ಕರಗುತ್ತಾ ಬರುವುದನ್ನು ನೋಡಿ. ಬತ್ತಿಯಿಂದ ತೊಟ್ಟಿಕ್ಕುವ ಎಣ್ಣೆ ನೆಲಕ್ಕೆ ಬೀಳದಿರಲಿ ಅಂತ ಕೆಳಗಿನ ಪೀಠ ಅಗಲ, ಅದಕ್ಕೊಂದು ಅಂಚು. ಕಂಬಕ್ಕಿರುವ ಬಳೆಗಳೂ ಬರೀ ಅಂದಕ್ಕಲ್ಲ. ಎಣ್ಣೆ ಕೈಯಲ್ಲಿ ಎತ್ತಿದಾಗ ಜಾರುವುದಿಲ್ಲ. ಗಜಲಕ್ಷ್ಮಿ ದೀಪ ಇದೆಯಲ್ಲ, ಕೆಲವರು ಕಾಮಾಕ್ಷಿ ದೀಪ ಅನ್ನುತ್ತಾರೆ, ಅದರ ಹಿಂದಿನ ತಗಡಿನಲ್ಲಿ ಲಕ್ಷ್ಮಿ ಕೂತಿದ್ದಾಳೆ, ಎರಡು ಆನೆ ನೀರು ಸುರಿಯುತ್ತಿವೆ. ಆ ತಗಡು ಗಾಳಿಗೂ ಒಂದು ತಡೆ.

ಜಾಣತನದಲ್ಲಿ ಎಲ್ಲಕ್ಕಿಂತ ಮೇಲು ಅಂದರೆ ಆನೆಯ ತೂಗುದೀಪ. ಸರಪಳಿಯಲ್ಲಿ ತೂಗುವ ಬಟ್ಟಲ ನಡುವೆ ಆನೆ ನಿಂತಿರುತ್ತದೆ. ಆನೆಯ ಹೊಟ್ಟೆ ಟೊಳ್ಳು, ಅದರ ತುಂಬ ಎಣ್ಣೆ, ಎಣ್ಣೆ ತುಂಬುವ ಬಾಯಿ ಭದ್ರವಾಗಿ ಮುಚ್ಚಿರುತ್ತದೆ. ಹೊಟ್ಟೆಯಿಂದ ಒಂದು ಕೊಳವೆ ಬಟ್ಟಲಿಗೆ ಇಳಿದಿರುತ್ತದೆ. ಬಟ್ಟಲಿನ ಎಣ್ಣೆ ಕೊಳವೆಯ ತುದಿಗಿಂತ ಕೆಳಗಿಳಿದಾಗ ಗಾಳಿ ಒಳಗೆ ಹೋಗುತ್ತದೆ, ಒಂದಷ್ಟು ಎಣ್ಣೆ ಹೊರಗೆ ಬರುತ್ತದೆ. ಮಟ್ಟ ಏರಿ ತುದಿ ಮುಚ್ಚಿದ ಕೂಡಲೇ ನಿಲ್ಲುತ್ತದೆ. ಯಾರೂ ಎಣ್ಣೆ ಹಾಕದೆ ದೀಪ ತನ್ನಷ್ಟಕ್ಕೆ ಗಂಟೆಗಟ್ಟಲೆ ಉರಿಯುತ್ತದೆ. ಪುಣೆಗೆ ಹೋದರೆ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಂ ತಪ್ಪಿಸಬೇಡಿ, ಅಲ್ಲಿನ ದೀಪಗಳ ಸಂಗ್ರಹದ ಮುಂದೆ ನಾನು ಅರ್ಧ ದಿನ ಕಳೆದಿದ್ದೇನೆ. ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

ನಿಮ್ಮ ಹಂಸಕ್ಕೆ ಬರೋಣ. ಹಂಸ ತುದಿಯ ಕಾಲುದೀಪಕ್ಕೆ ಹೆಸರಾದ ಊರು ಕುಂಭಕೋಣದ ಹತ್ತಿರದ ನಾಚ್ಚಿಯಾರ್‌ಕೋಯಿಲ್. ಅಲ್ಲಿನ ‘ಕುತ್ತುವಿಳಕ್ಕು’ಗೆ, ಅಂದರೆ ಕಾಲುದೀಪಕ್ಕೆ, ಜಿಐ ಟ್ಯಾಗ್ (ಇದು ಆ ಊರಿನದೇ ಸರಕು ಅನ್ನುವ ಸರ್ಕಾರಿ ಗುರುತು) ಕೂಡ ಸಿಕ್ಕಿದೆ. ಕಾವೇರಿ ಕಡೆಯ ನಯವಾದ ಮಣ್ಣಿನಲ್ಲಿ ಅಚ್ಚು ಮಾಡಿ, ಪೀಠ, ಕಂಬ, ಬಟ್ಟಲು, ತುದಿ ಅಂತ ನಾಲ್ಕು ಭಾಗ ಬೇರೆ ಬೇರೆ ಎರಕ ಹೊಯ್ದು, ಕಡೆದು, ತಿರುಪು ಹಾಕಿ ಜೋಡಿಸುತ್ತಾರೆ. ಎರಕದ ಮನೆಯಲ್ಲಿ ಲೋಹ ಕರಗಿಸುವ ಮೂಸೆಯ ಬಾಯಿಂದ ಬಿಳಿ ಹೊಗೆ ಏಳುವುದನ್ನು ನೋಡಬೇಕು. ಅದು ಸತು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಬರೀ ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು, ಸತು ಬೆರೆತರೆ 900ರಿಂದ 950ರ ಆಸುಪಾಸಿನಲ್ಲೇ ನೀರಾಗುತ್ತದೆ. ಆದರೆ ಸತು 907 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಒಂದಿಷ್ಟು ಹೊಗೆಯಾಗಿ ಹಾರಿಹೋಗುತ್ತದೆ. ಅನುಭವಿ ಎರಕದವರು ಆ ಹೊಗೆ ನೋಡಿಯೇ ಹೊಯ್ಯುವ ಹೊತ್ತು ಹೇಳುತ್ತಾರೆ.

ಹಂಸಕ್ಕೆ ನಮ್ಮವರು ಹೇಳುವ ಅರ್ಥ ನಿಮಗೂ ಗೊತ್ತು: ಹಾಲು ನೀರು ಬೇರೆ ಮಾಡುವ ಹಕ್ಕಿ, ವಿವೇಕದ ಗುರುತು, ಸರಸ್ವತಿಯ ವಾಹನ. ಬೆಳಕಿನ ಮೇಲೆ ಕೂರಲು ಅದಕ್ಕಿಂತ ಯೋಗ್ಯ ಹಕ್ಕಿ ಯಾವುದು? ಆದರೆ ಎಲ್ಲ ದೀಪದ ಮೇಲೂ ಹಂಸವೇ ಇರಬೇಕು ಅಂತೇನಿಲ್ಲ. ಶೈವರ ಮನೆಯಲ್ಲಿ ಲಿಂಗವೋ ನಂದಿಯೋ, ಶ್ರೀವೈಷ್ಣವರಲ್ಲಿ ಶಂಖ ಚಕ್ರ ನಾಮ, ಮುರುಗನ ಭಕ್ತರಲ್ಲಿ ನವಿಲು. ಕೇರಳದ ನಿಲವಿಳಕ್ಕಿಗೆ ಹೆಚ್ಚಾಗಿ ಹಕ್ಕಿಯೇ ಇಲ್ಲ, ಬರೀ ಮೊಗ್ಗಿನಂಥ ತುದಿ. ನನಗೆ ಕೇಳಿದರೆ ಚೆಲುವಿನಲ್ಲಿ ಅದಕ್ಕೇ ಮೊದಲ ನಂಬರ್. ತುದಿ ನೋಡಿ ದೀಪ ಯಾವ ಕಡೆಯದು, ಯಾವ ಮನೆಯದು ಅಂತ ಊಹಿಸಬಹುದು. ಅದರಿಂದ ಪುಣ್ಯದ ಲೆಕ್ಕ ಹಾಕಲು ಬರುವುದಿಲ್ಲ.

ಎರಡೂ ಕೈಯಲ್ಲಿ ಹಣತೆ ಹಿಡಿದು ನಿಂತ ಹೆಣ್ಣಿನ ದೀಪ ನೋಡಿರುತ್ತೀರಿ, ದೀಪಲಕ್ಷ್ಮಿ ಅನ್ನುತ್ತೇವೆ, ತಮಿಳರು ಪಾವೈ ವಿಳಕ್ಕು ಅನ್ನುತ್ತಾರೆ. ಅವಳು ಎಷ್ಟೋ ಕಡೆ ದೇವಿಯಲ್ಲ, ದೀಪ ಕೊಟ್ಟ ಹೆಂಗಸಿನ ಪ್ರತಿರೂಪ. ತಂಜಾವೂರು ಸೀಮೆಯ ತಿರುವಿಡೈಮರುದೂರಿನ ಮಹಾಲಿಂಗಸ್ವಾಮಿ ಗುಡಿಯಲ್ಲಿ ಮರಾಠ ರಾಜಮನೆತನದ ಹೆಣ್ಣೊಬ್ಬಳು 19ನೇ ಶತಮಾನದಲ್ಲಿ ಹರಕೆ ಹೊತ್ತು ಲಕ್ಷ ದೀಪ ಹಚ್ಚಿಸಿದಳು. ಅದರ ಜೊತೆಗೆ ತನ್ನದೇ ರೂಪದ ದೀಪ ಮಾಡಿಸಿ ಕೊಟ್ಟಳು. ಹರಕೆ ಏನಂದರೆ, ಪ್ರೀತಿಸಿದ ರಾಜಕುಮಾರನ ಜೊತೆ ಮದುವೆ. ಆಯಿತು ಕೂಡ.

ಐದು ಬತ್ತಿ. ಪಂಚಭೂತ ಅನ್ನುವವರಿದ್ದಾರೆ, ಪಂಚೇಂದ್ರಿಯ ಅನ್ನುವವರಿದ್ದಾರೆ. ಒಂದು ಬತ್ತಿಗೆ ಇಂಥ ಫಲ, ಎರಡಕ್ಕೆ ಇಂಥದ್ದು ಅನ್ನುವ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುವುದೇ ಇಲ್ಲ, ಹಾಗಾಗಿ ನಾನು ಅವುಗಳನ್ನು ಜಾಸ್ತಿ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಕೇರಳದ ಮನೆಗಳ ಕ್ರಮ ನನಗೆ ಇಷ್ಟ: ಬೆಳಗ್ಗೆ ಪೂರ್ವಕ್ಕೆ ಒಂದು, ಸಂಜೆ ಪೂರ್ವಕ್ಕೂ ಪಶ್ಚಿಮಕ್ಕೂ ಒಂದೊಂದು. ಸೂರ್ಯ ಹುಟ್ಟುವ ಕಡೆ, ಮುಳುಗುವ ಕಡೆ. ನೀವು ದಿನಾ ಒಂದೇ ಮೂತಿಗೆ ಬತ್ತಿ ಹಾಕಿ, ಹಬ್ಬಕ್ಕೆ ಐದೂ ಹಚ್ಚಿ. ಹಾಕುವ ಬತ್ತಿಯನ್ನು ಎರಡೆಳೆ ಸೇರಿಸಿ ಹೊಸೆಯಿರಿ, ಉರಿ ಸ್ಥಿರವಾಗಿರುತ್ತದೆ. ಹೂಬತ್ತಿ ನೀಲಾಂಜನಕ್ಕೆ ಸರಿ, ಕಾಲುದೀಪಕ್ಕೆ ಎಳೆಬತ್ತಿಯೇ ಬೇಕು. ದಕ್ಷಿಣಕ್ಕೆ ಹಚ್ಚಬಾರದು ಅನ್ನುತ್ತಾರೆ, ಅದು ಯಮನ ದಿಕ್ಕು. ದೀಪಾವಳಿಯ ತ್ರಯೋದಶಿ ಸಂಜೆ, ಅಂದರೆ ನೀರು ತುಂಬುವ ಹಬ್ಬದ ದಿನ, ಯಮದೀಪವನ್ನು ಮಾತ್ರ ಬೇಕೆಂದೇ ದಕ್ಷಿಣಕ್ಕೆ ಮುಖ ಮಾಡಿ ಇಡುತ್ತಾರೆ. ಐದು ಮೂತಿಯ ದೀಪದಲ್ಲಿ ಐದೂ ಹಚ್ಚಿದರೆ ಒಂದಲ್ಲ ಒಂದು ಆ ಕಡೆ ವಾಲಿಯೇ ವಾಲುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

ಎಣ್ಣೆ ಎಳ್ಳಿನದು ಒಳ್ಳೆಯದು. ಕರಾವಳಿಯವರು ಕೊಬ್ಬರಿ ಎಣ್ಣೆ ಹಾಕುತ್ತಾರೆ, ಬಯಲುಸೀಮೆಯಲ್ಲಿ ಹೊಂಗೆ, ಹಿಪ್ಪೆ, ಹರಳು ಎಲ್ಲ ಉರಿದಿವೆ. ‘ದೀಪದ ಎಣ್ಣೆ’ ಅಂತ ಬಾಟಲಿಯಲ್ಲಿ ಬರುವುದನ್ನು ತಗೊಳ್ಳುವ ಮುಂಚೆ ಹಿಂದಿನ ಚೀಟಿ ಓದಿ. ಅಡುಗೆಗೆ ಬಳಸಬಾರದು ಅಂತಿದ್ದರೆ ಏನೇನು ಬೆರೆಸಿದ್ದಾರೆ ಅಂತಲೂ ನೋಡಿ. ಹಾಲ್‌ನಲ್ಲಿ ಫ್ಯಾನ್ ಆರಿಸಿ, ಪರದೆಯಿಂದ ದೂರ ಇಡಿ, ಕೆಳಗೊಂದು ತಟ್ಟೆ ಇರಲಿ. ಮಲಗುವಾಗ ಬಾಯಲ್ಲಿ ಊದಬೇಡಿ. ನಮ್ಮಜ್ಜಿ ‘ದೀಪ ಆರಿಸು’ ಅಂದರೆ ಸಿಟ್ಟಾಗುತ್ತಿದ್ದಳು, ‘ಶಾಂತ ಮಾಡು’ ಅನ್ನಬೇಕು. ತೆಲುಗರು ದೀಪ ‘ಕೊಂಡ ಏರಿತು’ ಅನ್ನುತ್ತಾರೆ, ಬೆಟ್ಟ ಹತ್ತಿತು ಅಂತ. ಬತ್ತಿಯನ್ನು ಕಡ್ಡಿಯಲ್ಲಿ ಎಣ್ಣೆಯೊಳಕ್ಕೆ ಎಳೆದರೆ ಸಾಕು, ಹೊಗೆಯೂ ಏಳುವುದಿಲ್ಲ.

ಕೊನೆಗೆ ತೊಳೆಯುವುದು. ಇಲ್ಲಿ ನನ್ನ ದಡ್ಡತನ ಒಂದು ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಇಳಿದಿದ್ದಾಗ, ಯಾರೋ ನಂಬಿ ಕೊಟ್ಟ ಹಳೆಯ ದೀಪಕ್ಕೆ ಹುಣಸೆಹಣ್ಣು ಮೆತ್ತಿ, ರಾತ್ರಿ ಹಾಗೇ ಬಿಟ್ಟು ಮಲಗಿದೆ. ಜಾಸ್ತಿ ಬಿಟ್ಟರೆ ಜಾಸ್ತಿ ಹೊಳೆಯುತ್ತದೆ ಅಂತ ಲೆಕ್ಕ. ಬೆಳಗ್ಗೆ ನೋಡಿದರೆ ದೀಪ ಹಳದಿ ಬದಲು ಗುಲಾಬಿ! ಹುಳಿ ಮೇಲ್ಮೈಯ ಸತುವನ್ನು ತಿಂದು ತಾಮ್ರವನ್ನು ಮೇಲೆ ಬಿಟ್ಟಿತ್ತು. ಆ ಬಣ್ಣ ತೆಗೆಯಲು ಎರಡು ದಿನ ತಿಕ್ಕಿದೆ, ಕಂಬದ ಸಣ್ಣ ಕೆತ್ತನೆಯೂ ಜೊತೆಗೆ ಸವೆಯಿತು. ದೀಪದ ಯಜಮಾನರು ಏನೂ ಅನ್ನಲಿಲ್ಲ. ಅದೇ ಜಾಸ್ತಿ ನೋವಾಯಿತು.

ಹಾಗಾಗಿ, ಮೊದಲು ಭಾಗಗಳನ್ನು ಬಿಚ್ಚಿ. ತಿರುಪು ಎಣ್ಣೆ ಜಿಡ್ಡಿಗೆ ಕಚ್ಚಿಕೊಂಡಿದ್ದರೆ ಬಲ ಹಾಕಬೇಡಿ, ಬಿಸಿನೀರಿಗೆ ಸೋಪಿನ ಪುಡಿ ಹಾಕಿ ಒಂದು ಗಂಟೆ ಮುಳುಗಿಸಿ. ಕಪ್ಪಿನ ಮುಕ್ಕಾಲು ಪಾಲು ಹಳೆ ಎಣ್ಣೆಯೇ ಆಗಿರುತ್ತದೆ, ಅದು ಇಲ್ಲೇ ಬಿಡುತ್ತದೆ. ಆಮೇಲೆ ಹುಣಸೆಹಣ್ಣು, ಚಿಟಿಕೆ ಉಪ್ಪು, ಹತ್ತು ನಿಮಿಷ, ಮೆತ್ತಗಿನ ತೆಂಗಿನ ನಾರು. ಹಸಿರು ಕಿಲುಬು ಇರುವ ಸಂದಿಗೆ ಹಳೆ ಹಲ್ಲುಜ್ಜುವ ಬ್ರಶ್. ಸ್ಟೀಲ್ ಜುಂಗು ಬೇಡ. ಚೆನ್ನಾಗಿ ತೊಳೆದು, ಕೂಡಲೇ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಹತ್ತು ನಿಮಿಷ. ನೀರಿನ ಪಸೆ ಉಳಿದರೆ ಎರಡೇ ದಿನಕ್ಕೆ ಕಲೆ ಬರುತ್ತದೆ. ಮೆರುಗಿಗೆ ಲ್ಯಾಕರ್ ಹೊಡೆಸಿ ಅಂತ ಅಂಗಡಿಯವರು ಹೇಳಿದರೆ ಬೇಡ ಅನ್ನಿ. ಹಚ್ಚದ ದೀಪಕ್ಕೆ ಅದು ಸರಿ. ಹಚ್ಚಿದ ದಿನವೇ ಮೂತಿಯಲ್ಲಿ ಸುಟ್ಟು ನಾರುತ್ತದೆ.

ಒಂದು ಜಾಗ ಮಾತ್ರ ತಿಕ್ಕಬೇಡಿ. ಪೀಠವನ್ನು ಮಗುಚಿ ತಳ ನೋಡಿ, ಅಂಚಿನ ಸುತ್ತಲೂ ನೋಡಿ. ಹಿಂದೆಲ್ಲ ಮದುವೆಗೆ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಉಳಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆದು ಕೊಡುತ್ತಿದ್ದರು. ಅತ್ತೆಯ ತವರಿನವರು ಕೊಟ್ಟ ಜೋಡಿಯಾಗಿದ್ದರೆ ಹೆಸರಿನ ಮೊದಲ ಅಕ್ಷರ, ಕೆಲವೊಮ್ಮೆ ತಾರೀಖು ಇದ್ದೇ ಇರುತ್ತದೆ. ಜಿಡ್ಡು ತುಂಬಿ ಕಾಣದೇ ಇರಬಹುದು. ಹತ್ತಿಗೆ ಸ್ವಲ್ಪ ಎಳ್ಳೆಣ್ಣೆ ಅದ್ದಿ ಮೆಲ್ಲಗೆ ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿಯಿರಿ. ಚುಕ್ಕಿಗಳು ಒಂದೊಂದಾಗಿ ಕಾಣಲು ಶುರುವಾಗುತ್ತವೆ.